ಲಿಟಲ್ ಲೀಗ್ ಬೇಸ್‌ಬಾಲ್: ಮಗು ಆಡುವಾಗ ಅಪ್ಪ ಅಮ್ಮ ಹೆಗಲು ಕೊಡುವುದು ಹೇಗೆ?

ಜನವರಿ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡದ ಮನೆಗಳಿಂದ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮಗನನ್ನು ಬೇಸ್‌ಬಾಲಿಗೆ ಸೇರಿಸಿದ್ದೇವೆ. ಲೀಗಿನವರು ವಾಲಂಟಿಯರ್ ಆಗಿ ಬನ್ನಿ ಎಂದು ಮೇಲ್ ಮೇಲೆ ಮೇಲ್ ಕಳಿಸುತ್ತಿದ್ದಾರೆ. ನಾವು ಬೆಳೆದದ್ದು ಕ್ರಿಕೆಟ್ ನೋಡಿಕೊಂಡು. ಈ ಆಟದ ತಲೆಬುಡ ಗೊತ್ತಿಲ್ಲ. ನಮ್ಮಿಂದ ಏನಾದೀತು?"

ಬಹಳ ಆಗುತ್ತದೆ. ನಿಮ್ಮ ಊರಿನ ಲೀಗನ್ನು ಯಾವುದೋ ಕಂಪನಿ ನಡೆಸುತ್ತಿಲ್ಲ. ಮೈದಾನಕ್ಕೆ ಗೆರೆ ಹಾಕುವವರು, ಅಂಪೈರ್ ಆಗುವವರು, ಲೆಕ್ಕ ಬರೆಯುವವರು, ಅಂಗಡಿಯಲ್ಲಿ ಹಾಟ್ ಡಾಗ್ ಮಾರುವವರು, ಬಹುಪಾಲು ಎಲ್ಲರೂ ಆಡುವ ಮಕ್ಕಳ ತಂದೆತಾಯಿಗಳೇ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಮೂರೇ ತಂಡಗಳೊಂದಿಗೆ ಲಿಟಲ್ ಲೀಗ್ ಶುರುಮಾಡಿದಾಗಲೂ ಹೀಗೇ ಇತ್ತು, ಈಗಲೂ ಹೀಗೇ ಇದೆ. ಜನ ಸಿಗದಿದ್ದರೆ ಆ ಶನಿವಾರದ ಪಂದ್ಯವೇ ರದ್ದಾಗುತ್ತದೆ. ಈ ಕೆಲಸಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಆಟ ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಗೊತ್ತಿರಬೇಕಾದ ಕೆಲಸಗಳನ್ನೂ ಎರಡು ಮೂರು ವಾರದಲ್ಲಿ ಕಲಿಯಬಹುದು.

ಬೇಸ್‌ಬಾಲ್ ಸಂಸ್ಥೆಗಳು ಹಲವು ಇವೆ. ಇಲ್ಲಿ ಹೇಳುವುದು ಲಿಟಲ್ ಲೀಗ್ ಸಂಸ್ಥೆಗೆ ಸೇರಿದ ಲೀಗುಗಳ ಬಗ್ಗೆ. ನಿಯಮಪುಸ್ತಕ ಪ್ರತಿ ವರ್ಷ ಹೊಸದಾಗಿ ಬರುತ್ತದೆ. ಸೀಸನ್ ಶುರುವಾಗುವ ಮುಂಚೆ ಆ ವರ್ಷದ ಪ್ರತಿಯನ್ನೇ ನೋಡಿಕೊಳ್ಳಿ.

1. ಮೊದಲು ನಿಮ್ಮ ಲೀಗು ಮತ್ತು ಮಗುವಿನ ವಿಭಾಗ ತಿಳಿದುಕೊಳ್ಳಿ

ಪ್ರತಿ ಲೀಗಿಗೂ ಭೂಪಟದಲ್ಲಿ ಗುರುತಿಸಿದ ಗಡಿ ಇರುತ್ತದೆ. ನಿಮ್ಮ ಮನೆಯಾಗಲಿ ಮಗುವಿನ ಶಾಲೆಯಾಗಲಿ ಆ ಗಡಿಯೊಳಗೆ ಇರಬೇಕು. ಸ್ನೇಹಿತರ ಮಗ ಆಡುತ್ತಾನೆಂದು ಪಕ್ಕದ ಊರಿನ ಲೀಗಿಗೆ ಹಣ ಕಟ್ಟಿ, ಆಮೇಲೆ ವಿಳಾಸ ಹೊರಗಿದೆ ಎಂದು ಗೊತ್ತಾಗಿ ಪರದಾಡುವವರಿದ್ದಾರೆ. ಲಿಟಲ್ ಲೀಗ್ ಜಾಲತಾಣದಲ್ಲಿ ವಿಳಾಸ ಹಾಕಿದರೆ ಯಾವ ಲೀಗು ಎಂದು ತೋರಿಸುತ್ತದೆ. ವಯಸ್ಸಿನ ಲೆಕ್ಕವೂ ಅಲ್ಲೇ ಇದೆ. ಮಗುವಿನ ನಿಜವಾದ ವಯಸ್ಸು ಒಂದಾದರೆ 'ಲೀಗ್ ವಯಸ್ಸು' ಬೇರೆ ಇರಬಹುದು.

ಜನನ ಪ್ರಮಾಣಪತ್ರದ ಮೂಲಪ್ರತಿ ಮತ್ತು ವಿಳಾಸದ ದಾಖಲೆಗಳನ್ನು ಜೋಡಿಸಿಟ್ಟುಕೊಳ್ಳಿ. ಮಗು ಭಾರತದಲ್ಲಿ ಹುಟ್ಟಿದ್ದರೆ ಇಲ್ಲಿ ಚಾಲ್ತಿಯಲ್ಲಿರುವ ದಾಖಲೆಗಳಲ್ಲಿ ಯಾವುದು ನಡೆಯುತ್ತದೆ ಎಂದು ಲೀಗಿನ ಪ್ಲೇಯರ್ ಏಜೆಂಟ್ ಅವರನ್ನು ಮೊದಲೇ ಕೇಳಿ. ಆಟಗಾರರ ನೋಂದಣಿ, ತಂಡ ಹಂಚಿಕೆ ನೋಡಿಕೊಳ್ಳುವ ಪದಾಧಿಕಾರಿಗೆ ಈ ಹೆಸರು.

ವಿಭಾಗಗಳು ಸ್ಥೂಲವಾಗಿ ಹೀಗಿವೆ: 4ರಿಂದ 7 ವರ್ಷದವರಿಗೆ ಟೀ ಬಾಲ್, ಅಂದರೆ ಚೆಂಡನ್ನು ರಬ್ಬರ್ ಕಂಬದ ಮೇಲಿಟ್ಟು ಹೊಡೆಯುವುದು. 5ರಿಂದ 11ರವರೆಗೆ ಮೈನರ್ಸ್. ಇದರ ಕೆಳಹಂತದಲ್ಲಿ ಕೋಚ್ ಚೆಂಡೆಸೆಯುತ್ತಾರೆ, ಮೇಲಿನ ಹಂತದಲ್ಲಿ ಮಕ್ಕಳೇ ಎಸೆಯುತ್ತಾರೆ. 9ರಿಂದ 12ರವರಿಗೆ ಮೇಜರ್ಸ್. ಹೆಣ್ಣುಮಕ್ಕಳು 1974ರಿಂದ ಬೇಸ್‌ಬಾಲ್ ತಂಡಗಳಲ್ಲೇ ಆಡುತ್ತಿದ್ದಾರೆ. ಮಗಳಿಗೆ ಬೇಸ್‌ಬಾಲ್ ಬೇಕೆಂದರೆ ಸಾಫ್ಟ್‌ಬಾಲಿಗೇ (ದೊಡ್ಡ ಚೆಂಡಿನಲ್ಲಿ ಆಡುವ ಇದೇ ಬಗೆಯ ಆಟ) ಹೋಗು ಎಂದು ಒತ್ತಾಯಿಸಬೇಡಿ.

ಶುಲ್ಕ ಕಟ್ಟಲು ಕಷ್ಟವಿದ್ದರೆ ಬಾಯಿಬಿಟ್ಟು ಹೇಳಿ. ಹಣವಿಲ್ಲ ಎಂಬ ಕಾರಣಕ್ಕೆ ಮಗುವನ್ನು ಹೊರಗಿಡುವಂತಿಲ್ಲ ಎಂಬುದು ಲಿಟಲ್ ಲೀಗಿನ ನಿಯಮ. ಹಲವು ಲೀಗುಗಳು ಶುಲ್ಕದ ಜೊತೆ ವಾಲಂಟಿಯರ್ ಠೇವಣಿ ಎಂದು ಒಂದು ಚೆಕ್ಕನ್ನೂ ತೆಗೆದುಕೊಳ್ಳುತ್ತವೆ. ಹೇಳಿದಷ್ಟು ಗಂಟೆ ಕೆಲಸ ಮಾಡಿದರೆ ಅದು ವಾಪಸ್, ಮಾಡದಿದ್ದರೆ ನಗದಾಗುತ್ತದೆ.

2. ಒಂದೇ ಕೆಲಸ ಆರಿಸಿಕೊಳ್ಳಿ

ಹೊಸಬರ ದೊಡ್ಡ ತಪ್ಪೆಂದರೆ ಫಾರಮ್ಮಿನಲ್ಲಿರುವ ಎಲ್ಲ ಚೌಕಗಳಿಗೂ ಗುರುತು ಹಾಕುವುದು. ಮಾರ್ಚಿನಲ್ಲಿ ಆಫೀಸಿನ ಕೆಲಸ ಬಿಗಿಯಾಗುತ್ತದೆ, ಒಂದೂ ಪೂರ್ತಿಯಾಗುವುದಿಲ್ಲ. ನಿಮಗೆ ಸಿಗುವ ಸಮಯ ನೋಡಿ ಒಂದನ್ನು ಹಿಡಿಯಿರಿ, ಕೊನೆಯವರೆಗೂ ಮಾಡಿ.

ವಾರಕ್ಕೆ ಒಂದು ಗಂಟೆ, ಅದೂ ಮನೆಯಿಂದಲೇ ಎಂದರೆ ಟೀಮ್ ಪೇರೆಂಟ್ ಆಗಿ. ಪಂದ್ಯಗಳ ವೇಳಾಪಟ್ಟಿ, ತಿಂಡಿಯ ಸರದಿ, ಫೋಟೋ ದಿನ, ಸಂದೇಶಗಳು ಇವರ ಪಾಲಿಗೆ. ಹೇಗೂ ಪಂದ್ಯ ನೋಡಲು ಹೋಗುವವರಾದರೆ ಸ್ಕೋರ್ ಬರೆಯುವುದು ಅಥವಾ ಪಿಚ್ ಎಣಿಸುವುದು. ಇಲ್ಲಿ ಪಿಚ್ ಎಂದರೆ ಬ್ಯಾಟರ್ ಕಡೆಗಿನ ಎಸೆತ, ಎಸೆಯುವವರು ಪಿಚರ್. ಮಾತುಕತೆ ಬೇಡ, ಮೈಮುರಿದು ದುಡಿಯುತ್ತೇನೆ ಎನ್ನುವವರಿಗೆ ಮೈದಾನ. ವಾರಕ್ಕೆ ಎರಡು ಸಂಜೆ ಮತ್ತು ಶನಿವಾರ ಪೂರ್ತಿ ಕೊಡಬಲ್ಲಿರಾದರೆ ಸಹಾಯಕ ಕೋಚ್. ಲೆಕ್ಕಪತ್ರ ಬಲ್ಲವರನ್ನು, ಜಾಲತಾಣ ನೋಡಿಕೊಳ್ಳಬಲ್ಲವರನ್ನು ಲೀಗಿನ ಆಡಳಿತ ಮಂಡಳಿ ಎರಡೂ ಕೈ ಚಾಚಿ ಕರೆಯುತ್ತದೆ. ಖಜಾಂಚಿ ಸಿಗದೆ ಒದ್ದಾಡುವ ಲೀಗುಗಳು ಕಡಿಮೆಯಿಲ್ಲ.

ಅಂಪೈರಿಂಗ್ ಮೊದಲ ವರ್ಷಕ್ಕೆ ಬೇಡ ಎಂಬುದು ನಮ್ಮ ಸಲಹೆ. ಎರಡನೇ ವರ್ಷ ಮೈನರ್ಸ್ ಕೆಳಹಂತದಲ್ಲಿ, ಬೇಸುಗಳ (ಹೊಡೆದವರು ಓಡಿ ಮುಟ್ಟಬೇಕಾದ ಗುರುತುಗಳ) ಬಳಿ ನಿಲ್ಲುವ ಅಂಪೈರ್ ಆಗಿ ಶುರುಮಾಡಿ. ಪ್ಲೇಟಿನ, ಅಂದರೆ ಬ್ಯಾಟರ್ ಪಕ್ಕದಲ್ಲಿ ನೆಲದ ಮೇಲಿರುವ ಬಿಳಿ ಫಲಕದ, ಹಿಂದೆ ನಿಲ್ಲಲು ಕಣ್ಣು ಪಳಗಬೇಕು.

ಹೈಸ್ಕೂಲಿನ ಮಕ್ಕಳು ಮನೆಯಲ್ಲಿದ್ದರೆ ಚಾಲೆಂಜರ್ ವಿಭಾಗದ ಬಗ್ಗೆ ಅವರಿಗೆ ಹೇಳಿ. ದೈಹಿಕ ಅಥವಾ ಬೌದ್ಧಿಕ ತೊಂದರೆ ಇರುವ ಮಕ್ಕಳಿಗಾಗಿ 1989ರಲ್ಲಿ ಶುರುವಾದ ವಿಭಾಗ ಅದು. ಪ್ರತಿ ಆಟಗಾರನ ಪಕ್ಕದಲ್ಲೂ ನಿಂತು ನೆರವಾಗುವ 'ಬಡ್ಡಿ' ಬೇಕಾಗುತ್ತದೆ. ಇಡೀ ಲೀಗಿನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ.

3. ಅರ್ಜಿ, ಹಿನ್ನೆಲೆ ತಪಾಸಣೆ, ತರಬೇತಿ: ಇವು ಮುಗಿಯದೆ ಮೈದಾನಕ್ಕೆ ಇಳಿಯಬೇಡಿ

ಮಕ್ಕಳೊಂದಿಗೆ ಪದೇ ಪದೇ ಇರುವ ಪ್ರತಿಯೊಬ್ಬ ವಯಸ್ಕರೂ ಪ್ರತಿ ವರ್ಷ ವಾಲಂಟಿಯರ್ ಅರ್ಜಿ ತುಂಬಬೇಕು. ಹಿನ್ನೆಲೆ ತಪಾಸಣೆ ಆಗಬೇಕು, ಅಂದರೆ ಅಪರಾಧ ದಾಖಲೆಗಳನ್ನೂ ಲೈಂಗಿಕ ಅಪರಾಧಿಗಳ ಪಟ್ಟಿಯನ್ನೂ ನೋಡುತ್ತಾರೆ. ಕಳೆದ ವರ್ಷ ಆಗಿದೆ ಎಂದರೆ ನಡೆಯುವುದಿಲ್ಲ. ಅರ್ಜಿಯಲ್ಲಿರುವ ಹೆಸರು ನಿಮ್ಮ ಸರ್ಕಾರಿ ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ. ನಮ್ಮವರಲ್ಲಿ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಡ್ರೈವಿಂಗ್ ಲೈಸೆನ್ಸಿನಲ್ಲಿ ಊರಿನ ಹೆಸರು, ಮೇಲ್‌ನಲ್ಲಿ ಇನಿಶಿಯಲ್ ಎಂದು ಮೂರು ಬಗೆ ಇರುತ್ತದೆ. ತಪಾಸಣೆ ತಡವಾಗಲು ಇದೊಂದು ಮುಖ್ಯ ಕಾರಣ. ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದವರು, ಮುಖ್ಯವಾಗಿ ಎಚ್-4 ವೀಸಾದಲ್ಲಿರುವವರು, ಏನು ಮಾಡಬೇಕೆಂದು ಲೀಗಿನ ಸುರಕ್ಷತೆ ನೋಡಿಕೊಳ್ಳುವ ಸೇಫ್ಟಿ ಆಫೀಸರ್ ಅವರನ್ನು ಡಿಸೆಂಬರಿನಲ್ಲೇ ಕೇಳಿಬಿಡಿ.

ವೀಸಾದ ಇನ್ನೊಂದು ಎಚ್ಚರಿಕೆ. ಲಾಭರಹಿತ ಲೀಗಿನಲ್ಲಿ ಸಂಬಳವಿಲ್ಲದೆ ಕೈಜೋಡಿಸುವುದು ಒಂದು, ಹಣ ಪಡೆಯುವುದು ಇನ್ನೊಂದು. ಕೆಲವು ಲೀಗುಗಳು ಅಂಪೈರುಗಳಿಗೆ ಪಂದ್ಯಕ್ಕಿಷ್ಟು ಎಂದು ಕೊಡುತ್ತವೆ. ಕೆಲಸದ ಪರವಾನಗಿ ಇಲ್ಲದವರು, ಎಚ್-1ಬಿಯಲ್ಲಿ ಬೇರೆ ಕಂಪನಿಗೆ ದುಡಿಯುವವರು ಆ ಹಣ ಮುಟ್ಟಬೇಡಿ. ಕೊಡುವ ಮೊತ್ತ ಚಿಕ್ಕದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸಂಶಯವಿದ್ದರೆ ವಲಸೆ ವಕೀಲರನ್ನು ಕೇಳಿ.

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಒಂದು ಹೆಜ್ಜೆ ಹೆಚ್ಚು. 2022ರಿಂದ ಜಾರಿಯಲ್ಲಿರುವ ಎಬಿ 506 ಕಾನೂನಿನ ಪ್ರಕಾರ 18 ವರ್ಷ ದಾಟಿದ, ತಿಂಗಳಿಗೆ 16 ಗಂಟೆ ಅಥವಾ ವರ್ಷಕ್ಕೆ 32 ಗಂಟೆಗಿಂತ ಹೆಚ್ಚು ಮಕ್ಕಳ ಜೊತೆ ಇರುವ ವಾಲಂಟಿಯರ್‌ಗಳು ಬೆರಳಚ್ಚು ಕೊಡಬೇಕು. ಇದಕ್ಕೆ ಲೈವ್ ಸ್ಕ್ಯಾನ್ ಎನ್ನುತ್ತಾರೆ. ಲೀಗು ಕೊಟ್ಟ ಫಾರಮ್ಮನ್ನೇ ಒಯ್ಯಿರಿ, ಅದರಲ್ಲಿ ಲೀಗಿನ ಸಂಕೇತ ಸಂಖ್ಯೆ ಇರುತ್ತದೆ. ಆಫೀಸಿಗೆಂದೋ ಶಾಲೆಗೆಂದೋ ಹಿಂದೆ ಕೊಟ್ಟ ಬೆರಳಚ್ಚಿನ ಫಲಿತಾಂಶ ಲೀಗಿಗೆ ಹೋಗುವುದಿಲ್ಲ, ಹೊಸದಾಗಿಯೇ ಕೊಡಬೇಕು. ಮುದ್ರೆ ಹಾಕಿದ ಪ್ರತಿ ಜೋಪಾನವಾಗಿಡಿ.

ಇದರ ಜೊತೆಗೆ ಮಕ್ಕಳ ದೌರ್ಜನ್ಯ ತಡೆ ತರಬೇತಿ, ತಲೆಗೆ ಪೆಟ್ಟು ಬಿದ್ದಾಗಿನ ತರಬೇತಿ ಇವೆ. ಎರಡೂ ಆನ್‌ಲೈನಿನಲ್ಲಿ ಉಚಿತ. ಮುಗಿದ ಮೇಲೆ ಬರುವ ಪ್ರಮಾಣಪತ್ರವನ್ನು ಆಗಲೇ ಇಳಿಸಿಕೊಳ್ಳಿ. ತರಬೇತಿಯ ಸಾರ ಎರಡು ಮಾತು. ಒಂದು, ಬೇರೆಯವರ ಮಗುವಿನ ಜೊತೆ ಒಬ್ಬರೇ ಇರುವ ಸಂದರ್ಭ ತಂದುಕೊಳ್ಳಬೇಡಿ. ಕಾರಿನಲ್ಲಿ ಬಿಡುವುದು, ಖಾಸಗಿ ಸಂದೇಶ ಕಳಿಸುವುದು ಎರಡೂ ಬೇಡ. ಸಂದೇಶ ಹೋಗಲೇಬೇಕಿದ್ದರೆ ಪೋಷಕರಿಗೂ ಹೋಗಲಿ. ಎರಡು, ದೌರ್ಜನ್ಯದ ಅನುಮಾನ ಬಂದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. "ಅವರ ಮನೆಯ ವಿಷಯ, ನಮಗ್ಯಾಕೆ" ಎಂದು ಸುಮ್ಮನಾಗುವ ಅವಕಾಶ ಕಾನೂನಿನಲ್ಲಿ ಇಲ್ಲ.

4. ಸ್ಕೋರ್ ಪುಸ್ತಕ ಮತ್ತು ಪಿಚ್ ಎಣಿಕೆ

ಕ್ರಿಕೆಟ್ ಬಲ್ಲವರಿಗೆ ಹೇಳಿ ಮಾಡಿಸಿದ ಜಾಗ ಇದು. ಬೇಸ್‌ಬಾಲಿನಲ್ಲಿ ಪ್ರತಿ ಫೀಲ್ಡರನಿಗೂ ಒಂದು ಸಂಖ್ಯೆ ಇದೆ, ಅದು ಜೆರ್ಸಿ ಸಂಖ್ಯೆ ಅಲ್ಲ. 1 ಪಿಚರ್, 2 ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಹಾಗೆ), 3 ಮೊದಲ ಬೇಸ್, 4 ಎರಡನೇ ಬೇಸ್, 5 ಮೂರನೇ ಬೇಸ್, 6 ಶಾರ್ಟ್‌ಸ್ಟಾಪ್, 7 ಎಡ, 8 ನಡು, 9 ಬಲ ಹೊರಾಂಗಣ. ಶಾರ್ಟ್‌ಸ್ಟಾಪ್ ನಿಲ್ಲುವುದು ಎರಡನೇ ಮತ್ತು ಮೂರನೇ ಬೇಸಿನ ನಡುವೆ. ಆದರೂ ಸಂಖ್ಯೆ 6. ಎಲ್ಲರೂ ಎಡವುವುದು ಇಲ್ಲೇ.

ಪುಸ್ತಕದಲ್ಲಿ 6-3 ಎಂದರೆ ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಮೊದಲ ಬೇಸಿಗೆ ಎಸೆದು ಔಟ್. ಎಫ್8 ಎಂದರೆ ನಡು ಹೊರಾಂಗಣದಲ್ಲಿ ಕ್ಯಾಚ್. ಇ5 ಎಂದರೆ ಮೂರನೇ ಬೇಸಿನವನ ತಪ್ಪು. ಕೆ ಎಂದರೆ ಮೂರು ಸ್ಟ್ರೈಕಿಗೆ ಔಟ್. ಬೀಸಿ ತಪ್ಪಿದ್ದು, ಇಲ್ಲವೇ ಹೊಡೆಯಬಹುದಾದ ಎಸೆತಕ್ಕೆ ಬೀಸದೆ ಬಿಟ್ಟದ್ದು ಸ್ಟ್ರೈಕ್. ಕೊನೆಯದಕ್ಕೆ ಬ್ಯಾಟ್ ಬೀಸದೆ ನಿಂತಿದ್ದರೆ ಅದೇ ಅಕ್ಷರವನ್ನು ತಿರುಗಿಸಿ ಬರೆಯುತ್ತಾರೆ. ಬಿಬಿ ಎಂದರೆ ನಾಲ್ಕು ಬಾಲ್ ಆಗಿ ಮೊದಲ ಬೇಸಿಗೆ ನಡೆದದ್ದು. ಇಲ್ಲಿ 'ಬಾಲ್' ಅಂದರೆ ಹೊಡೆಯಬಹುದಾದ ಚೌಕಟ್ಟಿನ ಹೊರಗೆ ಹೋದ ಎಸೆತ, ಬ್ಯಾಟರ್ ಅದಕ್ಕೆ ಬೀಸಿರಬಾರದು. ಲಿಟಲ್ ಲೀಗಿನಲ್ಲಿ ಆ ಚೌಕಟ್ಟು ಕಂಕುಳಿನಿಂದ ಮಂಡಿಯ ಮೇಲ್ಭಾಗದವರೆಗೆ, ಪ್ಲೇಟಿನ ಅಗಲ 17 ಅಂಗುಲ.

ಗೇಮ್‌ಚೇಂಜರ್ ಎಂಬ ಆ್ಯಪ್ ಬಹಳ ಲೀಗುಗಳಲ್ಲಿ ಬಳಕೆಯಲ್ಲಿದೆ, ಊರಿನಲ್ಲಿ ಕೂತ ಅಜ್ಜಿ ತಾತ ಅದರಲ್ಲೇ ಪಂದ್ಯ ನೋಡಬಹುದು. ಆದರೂ ಕಾಗದದ ಪುಸ್ತಕ ಕೈಬಿಡಬೇಡಿ. ಬ್ಯಾಟರಿ ಹೋಗುತ್ತದೆ, ಬಿಸಿಲಿಗೆ ಪರದೆ ಕಾಣುವುದಿಲ್ಲ, ಸಿಗ್ನಲ್ ಕೈಕೊಡುತ್ತದೆ.

ಇನ್ನು ಪಿಚ್ ಎಣಿಕೆ. ಇದರಲ್ಲಿ ತಪ್ಪಾದರೆ ಮಗುವಿನ ಮೊಣಕೈಗೆ, ಭುಜಕ್ಕೆ ಪೆಟ್ಟು. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಭಾಗ ಇರುತ್ತದೆ, ಮಿತಿಮೀರಿ ಎಸೆದರೆ ಅದು ನೊಂದುಕೊಳ್ಳುತ್ತದೆ. ಅದಕ್ಕೇ ದಿನದ ಮಿತಿ ಇದೆ: ಲೀಗ್ ವಯಸ್ಸು 7–8ಕ್ಕೆ 50 ಎಸೆತ, 9–10ಕ್ಕೆ 75, 11–12ಕ್ಕೆ 85, 13–16ಕ್ಕೆ 95. ಮಿತಿ ಮುಟ್ಟಿದಾಗ ಎದುರಿಗೊಬ್ಬ ಬ್ಯಾಟರ್ ಇದ್ದರೆ ಅವನ ಸರದಿ ಮುಗಿಯುವವರೆಗೆ ಮಾತ್ರ ಎಸೆಯಬಹುದು.

14 ವರ್ಷದವರೆಗಿನವರಿಗೆ ವಿಶ್ರಾಂತಿಯ ಲೆಕ್ಕ: 20ರವರೆಗೆ ವಿಶ್ರಾಂತಿ ಬೇಕಿಲ್ಲ, 21–35ಕ್ಕೆ ಒಂದು ದಿನ, 36–50ಕ್ಕೆ ಎರಡು, 51–65ಕ್ಕೆ ಮೂರು, 66 ಅಥವಾ ಹೆಚ್ಚಾದರೆ ನಾಲ್ಕು ದಿನ. ದಿನ ಎಂದರೆ ಕ್ಯಾಲೆಂಡರಿನ ದಿನ, 24 ಗಂಟೆಯ ಲೆಕ್ಕವಲ್ಲ. ಶನಿವಾರ 55 ಎಸೆದ ಹುಡುಗಿ ಭಾನುವಾರ, ಸೋಮವಾರ, ಮಂಗಳವಾರ ಬಿಟ್ಟು ಬುಧವಾರ ಎಸೆಯಬಹುದು.

ಎಣಿಸುವ ಕ್ರಮ:

ಬ್ಯಾಟರಿನ ಕಡೆ ಎಸೆದ ಪ್ರತಿ ಚೆಂಡನ್ನೂ ಎಣಿಸಿ. ಬಾಲ್, ಸ್ಟ್ರೈಕ್, ಫೌಲ್ (ಬ್ಯಾಟಿಗೆ ತಾಗಿ ಗೆರೆಯಾಚೆ ಹೋದದ್ದು), ಹೊಡೆದದ್ದು ಎಲ್ಲವೂ ಸೇರಿತು. ಇನಿಂಗ್ಸಿಗೆ ಮುಂಚಿನ ಅಭ್ಯಾಸದ ಎಸೆತ ಸೇರದು. ಕೈಯಲ್ಲಿ ಒತ್ತುವ ಎಣಿಕೆಯಂತ್ರ ಒಳ್ಳೆಯದು, ಆದರೆ ಅದೊಂದನ್ನೇ ನಂಬದೆ ಪ್ರತಿ ಬ್ಯಾಟರ್ ಮುಗಿದಾಗ ಕಾಗದದಲ್ಲೂ ಸಂಖ್ಯೆ ಬರೆಯಿರಿ. ಮಾತಿಗೆ ಕೂತರೆ ಎಣಿಕೆ ತಪ್ಪುತ್ತದೆ, ಬಹುಪಾಲು ತಪ್ಪುಗಳೂ ಫೌಲ್ ಚೆಂಡು ಹುಡುಕುವ ಗಲಾಟೆಯಲ್ಲಿ ಆಗುವಂಥವು. ಪ್ರತಿ ಅರ್ಧ ಇನಿಂಗ್ಸ್ (ಒಂದು ತಂಡದ ಬ್ಯಾಟಿಂಗ್ ಸರದಿ) ಮುಗಿದಾಗ ಎದುರು ತಂಡದ ಎಣಿಕೆದಾರರ ಬಳಿ ಹೋಗಿ ತಾಳೆ ನೋಡಿ. ಪಂದ್ಯ ಮುಗಿದ ಮೇಲೆ ಎರಡು ಲೆಕ್ಕ ಹೊಂದಿಸಲು ಹೊರಟರೆ ಜಗಳವೇ ಗತಿ. ಎಣಿಕೆ 18, 33, 48, 63 ಆದಾಗ ತಂಡದ ಮುಖ್ಯ ಕೋಚ್ ಆದ ಮ್ಯಾನೇಜರಿಗೆ ತಿಳಿಸಿ. ವಿಶ್ರಾಂತಿಯ ಮುಂದಿನ ಹಂತಕ್ಕೆ ದಾಟುವ ಮುಂಚೆ ಪಿಚರನ್ನು ಬದಲಿಸುವುದೋ ಬೇಡವೋ ಎಂದು ಅವರು ಆಗ ಯೋಚಿಸಬಹುದು.

ಇನ್ನೆರಡು ನಿಯಮ ನಿಮ್ಮ ಹಾಳೆಯ ಮೇಲೇ ಬರೆದುಕೊಳ್ಳಿ. ಒಂದೇ ದಿನ 41 ಅಥವಾ ಹೆಚ್ಚು ಎಸೆದ ಪಿಚರ್ ಆ ದಿನ ಕ್ಯಾಚರ್ ಆಗುವಂತಿಲ್ಲ. ನಾಲ್ಕು ಅಥವಾ ಹೆಚ್ಚು ಇನಿಂಗ್ಸ್ ಕ್ಯಾಚರ್ ಆಗಿದ್ದವರು ಆ ದಿನ ಪಿಚ್ ಮಾಡುವಂತಿಲ್ಲ. ಮಗು ಇನ್ನೊಂದು ಕ್ಲಬ್ ತಂಡದಲ್ಲೂ ಆಡುತ್ತಿದ್ದರೆ ಅಲ್ಲಿನ ಎಸೆತ ನಿಮ್ಮ ಪುಸ್ತಕದಲ್ಲಿ ಕಾಣುವುದಿಲ್ಲ. ಆ ಲೆಕ್ಕ ಇಡಬೇಕಾದವರು ಅಪ್ಪ ಅಮ್ಮ. ದಯವಿಟ್ಟು ಇಡಿ.

5. ಮೈದಾನ ಸಿದ್ಧಪಡಿಸುವುದು

ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ಇಬ್ಬರು ಬಂದರೆ ಸಾಕು. ಬೇಕಾದ್ದು: ಎರಡು ಕುಂಟೆ, ನೀರಿನ ಪೈಪು, 100 ಅಡಿ ಟೇಪು, ದಾರ ಮತ್ತು ಗೂಟ, ಗೆರೆ ಹಾಕುವ ಗಾಡಿ, ಬಿಳಿ ಪುಡಿ, ಮಣ್ಣು ಬಡಿಯುವ ದಿಮ್ಮಿಸೆ.

ಬಿಳಿ ಪುಡಿ ಎಂದರೆ ಸುಣ್ಣವಲ್ಲ, ಸೀಮೆಸುಣ್ಣದ ಪುಡಿ. 50 ಪೌಂಡಿನ ಚೀಲಗಳಲ್ಲಿ ಮೈದಾನದ ಗೆರೆಗೆಂದೇ ಮಾರುತ್ತಾರೆ. ಕಟ್ಟಡದ ಅಂಗಡಿಯಲ್ಲಿ ಸಿಗುವ ಅರಳಿಸಿದ ಸುಣ್ಣ ನೋಡಲು ಹಾಗೇ ಇರುತ್ತದೆ, ಬೆಲೆಯೂ ಕಡಿಮೆ. ಆದರೆ ಬೆವರಿಗೆ ತಾಗಿದರೆ ಚರ್ಮ ಸುಡುತ್ತದೆ, ಜಾರಿ ಬಿದ್ದ ಮಗುವಿನ ಕಣ್ಣಿಗೆ ಹೋದರೆ ದೃಷ್ಟಿಗೇ ಸಂಚಕಾರ. ಚೀಲದ ಮೇಲೆ ಕ್ಯಾಲ್ಸಿಯಂ ಕಾರ್ಬೋನೇಟ್ ಎಂದಿರುವುದನ್ನು ನೋಡಿಯೇ ತನ್ನಿ.

ಮೊದಲು ಮಣ್ಣಿಗೆ ತೆಳುವಾಗಿ ನೀರು ಚಿಮುಕಿಸಿ. ಒಣ ಮಣ್ಣನ್ನು ಕುಂಟೆಯಿಂದ ಎಳೆದರೆ ಧೂಳಾಗಿ ಹಾರುತ್ತದೆ, ಕೆಸರಾದರೆ ಗಂಟು ಕಟ್ಟುತ್ತದೆ. ಬೇಸಿನಿಂದ ಬೇಸಿಗೆ ಓಡುವ ದಾರಿಯನ್ನು ಉದ್ದಕ್ಕೇ ಎಳೆಯಿರಿ, ಅಡ್ಡಕ್ಕೆ ಎಳೆಯಬೇಡಿ. ಅಡ್ಡ ಎಳೆದರೆ ಮಣ್ಣು ಹುಲ್ಲಿನ ಅಂಚಿಗೆ ಹೋಗಿ ಸೇರಿಕೊಂಡು ತಿಂಗಳೊಪ್ಪತ್ತಿನಲ್ಲಿ ಬದುವಾಗುತ್ತದೆ. ನೆಲದ ಮೇಲೆ ಬಂದ ಚೆಂಡು ಆ ಬದುವಿಗೆ ತಾಗಿ ಮಗುವಿನ ಮುಖಕ್ಕೆ ಪುಟಿಯುತ್ತದೆ. ಗಾಡಿಗೆ ಕಟ್ಟಿದ ಜಾಲರಿ ಎಳೆಯುವವರೂ ಹುಲ್ಲಿನ ಅಂಚಿನಿಂದ ಅರ್ಧ ಅಡಿ ದೂರವೇ ಇರಿ, ಪ್ರತಿ ದಿನ ತಿರುಗುವ ದಿಕ್ಕು ಬದಲಿಸಿ.

ಪಿಚರ್ ಕಾಲೂರುವ ಜಾಗ, ಬ್ಯಾಟರ್ ನಿಲ್ಲುವ ಜಾಗ ಎರಡೂ ಕಡೆ ಗುಂಡಿ ಬಿದ್ದಿರುತ್ತದೆ. ಸುತ್ತಲಿನ ಸಡಿಲ ಮಣ್ಣು ಎಳೆದು ಮುಚ್ಚಿದರೆ ಎರಡನೇ ಇನಿಂಗ್ಸಿಗೆ ಮತ್ತೆ ಗುಂಡಿ. ಸಡಿಲ ಮಣ್ಣನ್ನು ಗುಡಿಸಿ ತೆಗೆದು, ತಳ ಒದ್ದೆ ಮಾಡಿ, ಜೇಡಿಮಣ್ಣು ತುಂಬಿ, ದಿಮ್ಮಿಸೆಯಿಂದ ಬಡಿದು ಗಟ್ಟಿ ಮಾಡಬೇಕು. ಆಮೇಲೆ ಮೇಲೊಂದು ತೆಳು ಪದರ ಸಡಿಲ ಮಣ್ಣು.

ಅಳತೆ: 12 ವರ್ಷದವರೆಗಿನ ಮೈದಾನದಲ್ಲಿ ಬೇಸಿನಿಂದ ಬೇಸಿಗೆ 60 ಅಡಿ. ನಮ್ಮ 22 ಗಜದ ಕ್ರಿಕೆಟ್ ಪಿಚ್ಚು 66 ಅಡಿ, ಅದಕ್ಕಿಂತ ಆರು ಅಡಿ ಕಡಿಮೆ ಎಂದು ನೆನಪಿಡಿ. ಹೋಮ್ ಪ್ಲೇಟಿನ ಹಿಂದಿನ ಚೂಪು ತುದಿಯಿಂದ ಪಿಚರ್ ಹಲಗೆಯ ಮುಂದಿನ ಅಂಚಿಗೆ 46 ಅಡಿ. ಅದೇ ತುದಿಯಿಂದ ಎರಡನೇ ಬೇಸಿನ ನಡುವಿಗೆ 84 ಅಡಿ 10 ಅಂಗುಲ. ಈ ಕರ್ಣ ಸರಿಯಿದ್ದರೆ ಚೌಕ ಸರಿಯಿದೆ ಎಂದರ್ಥ, ಮನೆ ಪಾಯಕ್ಕೆ ಮೇಸ್ತ್ರಿ ಮೂಲೆಮಟ್ಟ ನೋಡುವ ಹಾಗೆ. ಬ್ಯಾಟರ್ ಚೌಕ 3 ಅಡಿ ಅಗಲ, 6 ಅಡಿ ಉದ್ದ, ಪ್ಲೇಟಿನಿಂದ 4 ಅಂಗುಲ ದೂರ. ದಾರ ಬಿಗಿದೇ ಗೆರೆ ಹಾಕಿ, ಕಣ್ಣಂದಾಜಿಗೆ ಹಾಕಿದ ಗೆರೆ ಮೊದಲ ಬೇಸ್ ತಲುಪುವಾಗ ಒಂದಡಿ ಆಚೆ ಹೋಗಿರುತ್ತದೆ. ಬೇಸುಗಳು ಜಾರಿ ಬಂದ ಕಾಲು ತಾಗಿದರೆ ಕಳಚಿಕೊಳ್ಳುವ ಬಗೆಯವೇ ಇರಬೇಕು. ಕೂರಿಸುವ ಗುಂಡಿಯಲ್ಲಿ ಮಣ್ಣು ತುಂಬಿದ್ದರೆ ಸರಿಯಾಗಿ ಕೂರುವುದಿಲ್ಲ, ಚಮಚದಿಂದ ತೆಗೆಯಿರಿ.

ಮಳೆ ನಿಂತ ಮೇಲೆ ನೀರು ನಿಂತಿದ್ದರೆ ಪೊರಕೆಯಿಂದ ಹುಲ್ಲಿಗೆ ತಳ್ಳಬೇಡಿ, ಕೆಸರನ್ನು ಸಲಿಕೆಯಿಂದ ಎತ್ತಿ ಹಾಕಲೂ ಬೇಡಿ. ಮಣ್ಣು ಹೋದರೆ ಅಲ್ಲಿ ಮತ್ತಷ್ಟು ತಗ್ಗಾಗಿ ಮುಂದಿನ ಮಳೆಗೆ ಇನ್ನಷ್ಟು ನೀರು ನಿಲ್ಲುತ್ತದೆ. ಸ್ಪಂಜಿನಿಂದ ಅಥವಾ ಕೈಪಂಪಿನಿಂದ ನೀರು ಹೀರಿ, ಉಳಿದ ತೇವಕ್ಕೆ ಸುಟ್ಟ ಜೇಡಿಯ ಹರಳು ಉದುರಿಸಿ, ಕಾಲು ಗಂಟೆ ಬಿಟ್ಟು ಕುಂಟೆ ಎಳೆಯಿರಿ.

6. ಡಗ್‌ಔಟಿನಲ್ಲಿ ನಿಲ್ಲುವವರಿಗೆ

ಡಗ್‌ಔಟ್ ಎಂದರೆ ಆಟಗಾರರು ಕೂರುವ ಕಟ್ಟೆ. ಮ್ಯಾನೇಜರ್ ಒಬ್ಬರು, ಕೋಚ್ ಇಬ್ಬರು, ಅಷ್ಟೇ ವಯಸ್ಕರಿಗೆ ಜಾಗ. ನೀರಿನ ಬಾಟಲಿ ಕೊಡಲೆಂದು ಮಧ್ಯೆ ಒಳಗೆ ನುಗ್ಗಬೇಡಿ.

ಪ್ರತಿ ಮಗುವಿನ ವೈದ್ಯಕೀಯ ಒಪ್ಪಿಗೆ ಪತ್ರ ಅಭ್ಯಾಸಕ್ಕೂ ಪಂದ್ಯಕ್ಕೂ ಮ್ಯಾನೇಜರ್ ಬಳಿ ಇರಬೇಕು. ಬ್ಯಾಟಿನ ಮೇಲೆ ಯುಎಸ್‌ಎ ಬೇಸ್‌ಬಾಲ್ ಮುದ್ರೆ ಇದೆಯೇ ನೋಡಿ. 2018ರಿಂದ ಇದು ಕಡ್ಡಾಯ, ಹಳೆಯ ಅಥವಾ ಬೇರೆ ಮುದ್ರೆಯ ಬ್ಯಾಟಿನಿಂದ ಆಡಿದರೆ ದಂಡನೆ ಇದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎಲ್ಲರೂ ಬೀಳುವ ಗುಂಡಿ ಇದೇ. ಕ್ಯಾಚರಿನ ಮುಖಕವಚಕ್ಕೆ ಗಂಟಲು ಮುಚ್ಚುವ ತೂಗುಪಟ್ಟಿ ಇರಬೇಕು. ಲೋಹದ ಮೊಳೆಯ ಶೂ ಈ ವಯಸ್ಸಿಗೆ ನಿಷಿದ್ಧ.

ಕ್ರಿಕೆಟ್ ರೂಢಿಯಿರುವ ಮಕ್ಕಳು ಹೊಡೆದ ಮೇಲೆ ಬ್ಯಾಟ್ ಹಿಡಿದೇ ಓಡುತ್ತಾರೆ, ಇಲ್ಲವೇ ನೆನಪಾಗಿ ಹಿಂದಕ್ಕೆ ಬೀಸಿ ಎಸೆಯುತ್ತಾರೆ. ಎರಡನೆಯದು ಕ್ಯಾಚರಿಗೆ ಅಪಾಯ. ಮೊದಲ ವಾರವೇ "ಹೊಡಿ, ಕೆಳಗೆ ಬಿಡು, ಓಡು" ಎಂದು ಬರಿ ಬ್ಯಾಟಿನಲ್ಲಿ ಹತ್ತು ಹತ್ತು ಸಲ ಮಾಡಿಸಿ. ಮುಂದಿನ ಸರದಿಯವರು ಡಗ್‌ಔಟಿನ ಹೊರಗೆ ನಿಂತು ಬ್ಯಾಟ್ ಬೀಸುವುದು ಟಿವಿಯಲ್ಲಿ ಕಾಣುತ್ತದೆ. ಮೇಜರ್ಸ್ ಮತ್ತು ಅದರ ಕೆಳಗಿನ ವಿಭಾಗಗಳಲ್ಲಿ ಅದಕ್ಕೆ ಅವಕಾಶವಿಲ್ಲ.

ಪ್ರತಿ ಮಗುವಿಗೂ ಕನಿಷ್ಠ ಆಟ ಸಿಗಲೇಬೇಕು: ಆರು ಔಟ್‌ಗಳಷ್ಟು ಕಾಲ ಫೀಲ್ಡಿಂಗ್, ಒಂದು ಸಲ ಬ್ಯಾಟಿಂಗ್. ಪಂದ್ಯ ಆರೇ ಇನಿಂಗ್ಸ್, ಕತ್ತಲಾಗಿ ಬೇಗ ನಿಂತರೆ ಕೊನೆಗೆ ಉಳಿದ ಮಗುವಿಗೆ ಅನ್ಯಾಯ. ಬದಲಿ ಆಟಗಾರರನ್ನು ಮೂರನೇ ಇನಿಂಗ್ಸ್ ಒಳಗೇ ಇಳಿಸಿ.

ಗುಡುಗು ಕೇಳಿದರೆ ಆಟ ನಿಲ್ಲಬೇಕು, ಎಲ್ಲರೂ ಕಾರು ಅಥವಾ ಕಟ್ಟಡದ ಒಳಗೆ. ಡಗ್‌ಔಟ್ ಆಸರೆಯಲ್ಲ. ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ, ಮತ್ತೆ ಕೇಳಿದರೆ ಮತ್ತೆ 30. ತಲೆಗೆ ಪೆಟ್ಟಾಗಿ ಮಂಕಾದ ಮಗುವನ್ನು ಅಂದೇ ಹೊರಗೆ ಕೂರಿಸಿ, ವೈದ್ಯರ ಲಿಖಿತ ಒಪ್ಪಿಗೆ ಬರುವವರೆಗೆ ಆಡಿಸಬೇಡಿ. ಗಾಯವಾದರೆ ಲೀಗಿನ ಅಪಘಾತ ವಿಮೆ ಇದೆ, ಆದರೆ ಅದು ನಿಮ್ಮ ಮನೆಯ ವಿಮೆ ಕೊಟ್ಟು ಉಳಿದದ್ದಕ್ಕೆ. ಅರ್ಜಿ 20 ದಿನದೊಳಗೆ ಹೋಗಬೇಕು.

7. ತಿಂಡಿ

ಮೈದಾನದ ಅಂಗಡಿಗೆ ಸ್ನ್ಯಾಕ್ ಶ್ಯಾಕ್ ಎನ್ನುತ್ತಾರೆ. ಮನೆಯಲ್ಲಿ ಮಾಡಿದ ಇಡ್ಲಿ, ಚಿತ್ರಾನ್ನ ಮಾರೋಣ ಎಂಬ ಉತ್ಸಾಹ ಸಹಜ. ಆದರೆ ಬಹುತೇಕ ಕೌಂಟಿಗಳಲ್ಲಿ ಮನೆ ಅಡುಗೆಯನ್ನು ಅಲ್ಲಿ ಮಾರುವಂತಿಲ್ಲ. ಪರವಾನಗಿ ಇರುವ ಹೋಟೆಲಿನಿಂದ ಸಮೋಸ ತರಿಸಬಹುದೇ ಎಂದು ಅಂಗಡಿಯ ಮೇಲ್ವಿಚಾರಕರನ್ನು ಕೇಳಿ. ಬಿಸಿ ಪದಾರ್ಥ 135 ಡಿಗ್ರಿ ಫ್ಯಾರನ್‌ಹೀಟಿಗಿಂತ ಮೇಲೆ, ತಣ್ಣನೆಯದು 41ಕ್ಕಿಂತ ಕೆಳಗೆ ಇರಲಿ. ತಾಪಮಾಪಕ ಚುಚ್ಚಿ ನೋಡಿ ಬರೆದಿಡಿ.

ಪಂದ್ಯದ ನಂತರ ತಂಡಕ್ಕೆ ಕೊಡುವ ತಿಂಡಿಯಲ್ಲಿ ಅಲರ್ಜಿಯ ಎಚ್ಚರ ಬೇಕು. ಶೇಂಗಾ ಚಿಕ್ಕಿ, ಎಳ್ಳುಂಡೆ, ಗೋಡಂಬಿ ಹಾಕಿದ ಯಾವುದೂ ಬೇಡ. ಎಳ್ಳು 2023ರಿಂದ ಇಲ್ಲಿನ ಮುಖ್ಯ ಅಲರ್ಜಿಕಾರಕಗಳ ಪಟ್ಟಿಯಲ್ಲಿದೆ. ಕಿತ್ತಳೆ ಹೋಳು, ಬಾಳೆಹಣ್ಣು, ನೀರು ಸಾಕು. ಮಾಂಸ ತಿನ್ನದ ಮಕ್ಕಳಿದ್ದರೆ ಪಿಜ್ಜಾ ದಿನದ ಮುಂಚೆ ಟೀಮ್ ಪೇರೆಂಟ್‌ಗೆ ಹೇಳಿಬಿಡಿ. ಸಂಕೋಚಪಟ್ಟು ಸುಮ್ಮನಿದ್ದರೆ ಅವತ್ತು ಹಸಿದಿರುವುದು ಮಗು.

8. ಹಣ ತರುವ ದಾರಿ

ಬೇಲಿಗೆ ಕಟ್ಟುವ ಬ್ಯಾನರ್, ಜೆರ್ಸಿಯ ಹಿಂದಿನ ಹೆಸರು ಇವೇ ಲೀಗಿನ ಆದಾಯ. ನಿಮ್ಮ ಪರಿಚಯದ ದಿನಸಿ ಅಂಗಡಿ, ದಂತವೈದ್ಯರು, ಸ್ಥಳೀಯ ಕನ್ನಡ ಕೂಟ ಇವರನ್ನು ಕೇಳಲು ಅಕ್ಟೋಬರ್‌–ನವೆಂಬರ್ ಸರಿಯಾದ ಕಾಲ. ಜನವರಿಯಲ್ಲಿ ಜೆರ್ಸಿ ಅಚ್ಚಿಗೆ ಹೋಗುತ್ತದೆ. 250 ಡಾಲರ್ ಅಥವಾ ಹೆಚ್ಚಿನ ದೇಣಿಗೆಗೆ ತೆರಿಗೆ ವಿನಾಯಿತಿ ಬೇಕಾದರೆ ಲೀಗಿನ ಲಿಖಿತ ರಸೀತಿ ಬೇಕು.

ಟೆಕ್ ಕಂಪನಿಗಳಲ್ಲಿರುವವರು ಒಂದು ವಿಷಯ ವಿಚಾರಿಸಿ. ಅನೇಕ ದೊಡ್ಡ ಕಂಪನಿಗಳು ನೌಕರರು ಸ್ವಯಂಸೇವೆ ಮಾಡಿದ ಗಂಟೆಗಳಿಗೆ ಪ್ರತಿಯಾಗಿ ಆ ಸಂಸ್ಥೆಗೆ ಹಣ ಕಳಿಸುತ್ತವೆ. ನೀವು ಮಾರ್ಚಿನಿಂದ ಜೂನ್‌ವರೆಗೆ ಬರೆದ ಸ್ಕೋರ್ ಪುಸ್ತಕವೇ ಲೀಗಿಗೆ ಹೆಲ್ಮೆಟ್ ಆಗಬಹುದು. ಲೀಗಿನ ತೆರಿಗೆ ಸಂಖ್ಯೆ ಕಂಪನಿಯ ದೇಣಿಗೆ ಜಾಲತಾಣದಲ್ಲಿ ನೋಂದಣಿಯಾಗಿರಬೇಕು. ಆಗಿರದಿದ್ದರೆ ಖಜಾಂಚಿಗೆ ಹೇಳಿ ಮಾಡಿಸಿ. ಗಂಟೆಗಳನ್ನು ಆಯಾ ವಾರವೇ ದಾಖಲಿಸಿ, ಹಲವು ಕಂಪನಿಗಳಲ್ಲಿ ವರ್ಷಾಂತ್ಯಕ್ಕೆ ಬಾಗಿಲು ಮುಚ್ಚುತ್ತದೆ.

9. ಬೇಲಿಯ ಹೊರಗೆ ಕೂತಾಗ

ಪ್ಲೇಟಿನ ಹಿಂದಿನ ಜಾಲರಿಗೆ ಅಂಟಿಕೊಂಡು ಮಗುವಿಗೆ ಸೂಚನೆ ಕೊಡಬೇಡಿ. ಕನ್ನಡದಲ್ಲಿ ಕೂಗಿದರೆ ಯಾರಿಗೂ ತಿಳಿಯದು ಎಂದುಕೊಂಡು "ಎಡಕ್ಕೆ ಸರಿ, ಈಗ ಹೊಡಿ" ಎನ್ನುವುದೂ ಕೋಚಿಂಗೇ. ಅದಕ್ಕಿಂತ ಮುಖ್ಯವಾಗಿ, ಕೋಚ್ ಒಂದು ಹೇಳುವಾಗ ಅಪ್ಪ ಇನ್ನೊಂದು ಹೇಳಿದರೆ ಮಗು ಚೆಂಡು ನೋಡುವುದನ್ನೇ ಬಿಡುತ್ತದೆ. ಊರಿನಿಂದ ಬಂದ ಅಜ್ಜಿ ತಾತನನ್ನು ಜಾಲರಿಯ ಹಿಂದೆಯೇ ಕೂರಿಸಿ. ಮೊದಲ ಮತ್ತು ಮೂರನೇ ಬೇಸಿನ ಪಕ್ಕದ ಹುಲ್ಲಿನ ಮೇಲೆ ಕುರ್ಚಿ ಹಾಕಿದರೆ ಫೌಲ್ ಚೆಂಡು ನೇರ ಅಲ್ಲಿಗೇ ಬರುತ್ತದೆ. ಚೆಂಡಿನ ತೂಕ ಸುಮಾರು 145 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಸ್ವಲ್ಪವೇ ಕಡಿಮೆ.

10. ಜೂನ್ ತಿಂಗಳು

ಆಲ್ ಸ್ಟಾರ್ಸ್ ಎಂಬ ಆಯ್ಕೆ ತಂಡದ ಪಂದ್ಯಾವಳಿ ಜೂನಿನಲ್ಲಿ ಶುರುವಾಗುತ್ತದೆ, ಗೆದ್ದಷ್ಟೂ ಜುಲೈಗೆ ಎಳೆಯುತ್ತದೆ. ಬೆಂಗಳೂರಿಗೆ ಟಿಕೆಟ್ ತೆಗೆದಿದ್ದರೆ ಆಯ್ಕೆಗೆ ಮುಂಚೆಯೇ ಮ್ಯಾನೇಜರಿಗೆ ತಿಳಿಸಿ. ಆಯ್ಕೆಯಾದ ಮೇಲೆ ಬಿಟ್ಟು ಹೋದರೆ ಇನ್ನೊಂದು ಮಗುವಿನ ಜಾಗ ಹಾಳಾಯಿತು. ಮಗುವಿಗೂ ಮುಂಚೆಯೇ ಹೇಳಿ, ವಿಮಾನ ನಿಲ್ದಾಣದಲ್ಲಿ ಅಲ್ಲ.

ತಂಡದ ಸಾಮಾನು ಹಿಂದಿರುಗಿಸುವಾಗ ಹೆಲ್ಮೆಟ್‌ಗಳನ್ನು ಒಂದೊಂದಾಗಿ ನೋಡಿ. ಬಿರುಕಿದ್ದರೆ ಅಂಟಿಸಲು ಹೋಗದೆ ಪಟ್ಟಿಯಲ್ಲಿ ಬರೆದು ಬೇರೆ ಇಡಿ. ಮೈದಾನದ ಕೆಲಸ ಮಾಡಿದ್ದರೆ ಎಷ್ಟು ಚೀಲ ಪುಡಿ ಖರ್ಚಾಯಿತು, ಯಾವ ನಲ್ಲಿ ಸೋರುತ್ತದೆ, ಗೋದಾಮಿನ ಯಾವ ಬೀಗ ಬಿಗಿಯಾಗಿದೆ ಎಂದು ಒಂದು ಪುಟ ಬರೆದು ಮುಂದಿನವರಿಗೆ ಕೊಡಿ. ಹೆಚ್ಚಿನ ಲೀಗುಗಳಲ್ಲಿ ಸೀಸನ್ ಮುಗಿದ ಮೇಲೆ ವಾರ್ಷಿಕ ಸಭೆ ನಡೆದು ಹೊಸ ಆಡಳಿತ ಮಂಡಳಿ ಆಯ್ಕೆಯಾಗುತ್ತದೆ. ಮತ ಹಾಕಲು ಸದಸ್ಯತ್ವ ಬೇಕೇ, ಹೆಸರು ಸೂಚಿಸಲು ಕೊನೆಯ ದಿನ ಯಾವುದು ಎಂಬುದು ಲೀಗಿನ ಬೈಲಾದಲ್ಲಿ ಇರುತ್ತದೆ. ಕಾರ್ಯದರ್ಶಿಗೆ ಒಂದು ಮೇಲ್ ಹಾಕಿ ಅದರ ಪ್ರತಿ ತರಿಸಿಕೊಳ್ಳಿ.